ರೊಟ್ಟಿಯ ಸಪ್ಪಳಕ್ಕೆ ಕಿವಿ ತೆರೆದವಳು

ಧಾರವಾಡ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳೊಬ್ಬಳು ತನಗೆ ರೊಟ್ಟಿ ಬಡಿಯಲು ಬರುವುದಿಲ್ಲವೆಂದು ನಾಲ್ಕು ಜನರ ಮುಂದೆ ಹೇಳುವುದಕ್ಕೆ ಎದೆಗಾರಿಕೆ ಬೇಕು. ನನಗೆ ಅದಿರಲಿಲ್ಲ. ಯಾರಾದರೂ ಕೇಳಿದರೆ, "ಮುಂಜಾನೆ ಸಾಲಿ ಇರ್ತೈತಲ್ರೀ, ಹೊತ್ತ ಸಿಗೂದಿಲ್ಲ" ಎಂದು ಜಾರಿಕೊಳ್ಳುತ್ತಿದ್ದೆ. ನಾನು ನವಲಗುಂದದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು. ಶಿಕ್ಷಕರಿಗೆ ಹೊತ್ತು ಸಿಗುವುದಿಲ್ಲವೆಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ, ಆದರೂ ಮರ್ಯಾದೆಗೆ ತಲೆಯಾಡಿಸುತ್ತಾರೆ.

ಹೀಗಾಗಿ ನಮ್ಮ ಮನೆಗೆ ರೊಟ್ಟಿ ಪೇಟೆಯಿಂದಲೇ ಬರುತ್ತಿತ್ತು. ಹಪ್ಪಳದಂತೆ ಗರಿಗರಿಯಾದ ಕಡಕ್ ರೊಟ್ಟಿ. ಡಬ್ಬಿಯಲ್ಲಿ ಪೇರಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ನನ್ನ ಗಂಡ ಶಿವಾನಂದ ಸರ್ವೇಯರು. ದಿನವಿಡೀ ಅವರಿವರ ಹೊಲದಲ್ಲಿ ಅಳತೆ ಹಿಡಿದು, ಅಣ್ಣತಮ್ಮಂದಿರ ಜಗಳ ಕೇಳಿ ಬರುವವನಿಗೆ ಮನೆಯ ಊಟದಲ್ಲಿ ತಂಟೆ ತೆಗೆಯುವ ಉಮೇದು ಉಳಿದಿರುವುದಿಲ್ಲ. ಕಟುಂ ಕುಟುಂ ಎಂದು ತಿಂದು ಎದ್ದುಬಿಡುತ್ತಿದ್ದ. ನಾವಿಬ್ಬರೂ ಊಟಕ್ಕೆ ಕೂತರೆ ಯಾರೋ ಒಣಗಿದ ಎಲೆಗಳ ಮೇಲೆ ನಡೆದಂತೆ ಸದ್ದಾಗುತ್ತಿತ್ತು.

ಕಳೆದ ಹಿಂಗಾರಿನ ಹೊತ್ತಿಗೆ ನಾವು ಊರ ಅಂಚಿನಲ್ಲಿ ಎರಡು ಕೋಣೆಯ ಸ್ವಂತ ಮನೆ ಕಟ್ಟಿಸಿಕೊಂಡು ಹೋದೆವು. ಮುಂಬಾಗಿಲು ತೆರೆದರೆ ಎದುರಿಗೆ ಮನೆಗಳಿಲ್ಲ. ಎರೆಹೊಲ, ಬಿಳಿಜೋಳ, ನಡುನಡುವೆ ಕುಸುಬೆಯ ಸಾಲು, ಆಮೇಲೆ ಬರೀ ಆಕಾಶ. ಹೊಸ ಮನೆಗಳಿಗೆ ಒಂದು ಚಾಳಿಯಿರುವುದನ್ನು ನೀವೂ ಗಮನಿಸಿರಬಹುದು. ಅವು ಎದುರು ಮಾತಾಡುತ್ತವೆ. ಶಿವಾನಂದ ಹೊರಗಿನಿಂದ "ಚಹಾ ಆತೇನು?" ಎಂದರೆ ಗೋಡೆಯೂ ಚಹಾ ಕೇಳುತ್ತದೆ. ಸಾಮಾನು ಕಡಿಮೆಯಿದ್ದರೆ ಹೀಗಾಗುತ್ತದೆಂದು ಪ್ರತಿಧ್ವನಿಯ ಪಾಠದಲ್ಲಿ ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ. ಆದರೆ ಸಂಜೆ ಒಬ್ಬಳೇ ಬೀಗ ತೆಗೆದು ಒಳಗೆ ಬಂದು, ನನ್ನ ಚಪ್ಪಲಿಯ ಸದ್ದು ನನಗೇ ತಿರುಗಿ ಕೇಳಿದಾಗ ಪಾಠ ನೆನಪಾಗುತ್ತಿರಲಿಲ್ಲ, ಬೇಸರವಾಗುತ್ತಿತ್ತು. ಈ ಮನೆಯಲ್ಲಿ ನನ್ನ ದಾರಿ ಕಾಯುವ ಒಂದು ಜೀವ ಇರಬೇಕಿತ್ತು ಎನ್ನಿಸುತ್ತಿತ್ತು.

ಆ ಜೀವ ಕುಬಿಹಾಳದಲ್ಲಿ ಸಿಕ್ಕಿತು. ಅಲ್ಲಿ ನಮ್ಮ ಚಿಗವ್ವ ಇದ್ದಾಳೆ; ಶಿವಾನಂದನ ತಾಯಿಯ ತಂಗಿ. ಅವಳ ಮನೆಯ ನಾಯಿ ಅಡುಗೆಮನೆಯ ಗೋಡೆಯ ಹಿಂದೆ, ಒಲೆಗೆ ಹಾಕುವ ಸಗಣಿಯ ಕುಳ್ಳು ಒಟ್ಟುವ ಮೂಲೆಯಲ್ಲಿ ಮರಿ ಹಾಕಿತ್ತು. ಗಂಡುಮರಿಗಳನ್ನೆಲ್ಲ ಹೊಲದವರು ಬೇಡಿ ಒಯ್ದಿದ್ದರು. ಉಳಿದದ್ದು ಒಂದು ಹೆಣ್ಣು, ಸಜ್ಜೆಯ ಕಾಳಿನ ಬಣ್ಣದ್ದು. ನೋಡಿದ ಕೂಡಲೇ ನಾನು ಅದಕ್ಕೆ ಸಜ್ಜಿ ಎಂದು ಹೆಸರಿಟ್ಟು, ಮಡಿಲಲ್ಲಿ ಹಾಕಿಕೊಂಡೂ ಆಗಿತ್ತು. ಚಿಗವ್ವ ಮಾತ್ರ ಅಷ್ಟು ಸಲೀಸಾಗಿ ಬಿಟ್ಟುಕೊಡಲಿಲ್ಲ.

"ಒಯ್ಯಿರಿ. ಆದ್ರ ಮಾತ ಒಂದ. ಬರೂ ಅಮಾಸಿಗೆ ನಾ ಬಂದು ನೋಡ್ತೀನಿ. ಮರಿ ಸೊರಗಿತ್ತಂದ್ರ ತಿರುಗಿ ಒಯ್ತೀನಿ. ಆಮ್ಯಾಲ ಅಳೂಹಂಗಿಲ್ಲ" ಎಂದಳು.

ನಾವು ನಕ್ಕೆವು. ಒಂದು ನಾಯಿಮರಿಯನ್ನು ಸಾಕುವುದರಲ್ಲಿ ಏನು ಮಹಾ ಇದೆ? ಶಿವಾನಂದ ಹುಬ್ಬಳ್ಳಿಯಿಂದ ಬಣ್ಣದ ಚೀಲದಲ್ಲಿ ನಾಯಿಯ ಆಹಾರ ತಂದ. ನಾನು ಹಾಲು ಕಾಸಿದೆ, ಅನ್ನ ಕಲಸಿದೆ, ಕಡಕ್ ರೊಟ್ಟಿ ಮುರಿದು ನೆನೆಹಾಕಿದೆ. ಸಜ್ಜಿ ಎಲ್ಲವನ್ನೂ ಮೂಸಿ, ಮದುವೆ ಊಟಕ್ಕೆ ಬಂದ ಬೀಗರಂತೆ ಹಿಂದೆ ಸರಿದಳು. ಬಾಗಿಲ ಬಳಿ ಹೋಗಿ ಹೊಸ್ತಿಲ ಮೇಲೆ ಗದ್ದವಿಟ್ಟು ಮಲಗಿದಳು. ಮರುದಿನವೂ ಹಾಗೆಯೇ. ನಾನು ಬೆರಳಿನಿಂದ ಹಾಲು ತುಟಿಗೆ ಸವರಿದರೆ ನೆಕ್ಕುತ್ತಿದ್ದಳು, ಅಷ್ಟೇ. ಮೈಮೇಲೆ ಕೈಯಾಡಿಸಿದರೆ ಎಲುಬು ಸಿಗತೊಡಗಿದವು. ಶಾಲೆಯಲ್ಲಿ ಜೀರ್ಣಾಂಗವ್ಯೂಹದ ಚಿತ್ರ ಬರೆಯುತ್ತ ನಿಂತವಳಿಗೆ ಸಜ್ಜಿಯ ಖಾಲಿ ಹೊಟ್ಟೆಯೇ ಕಣ್ಣ ಮುಂದೆ ಬಂದು ಅಳು ಬಂದಂತಾಯಿತು. ಅಮವಾಸ್ಯೆ ದೂರವಿರಲಿಲ್ಲ.

ಒಂದು ಮುಂಜಾನೆ ತಡೆಯಲಾರದೆ ಚಿಗವ್ವನಿಗೆ ಫೋನು ಹಚ್ಚಿ, ಶಿವಾನಂದನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ. ಅವಳು ಎದ್ದು ಒಲೆಯ ಮುಂದೆ ಕೂತಾಗಿತ್ತು. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಕೊಂಡು ತನ್ನ ಕೆಲಸ ಮಾಡುತ್ತಲೇ ಮಾತಾಡಿದಳು.

"ಏನೂ ತಿನ್ನವಲ್ದು ಚಿಗವ್ವ. ಹಾಲ ಇಟ್ರೂ ಹಿಂದ ಸರೀತೈತಿ."

"ನಾ ಹೇಳಿರಲಿಲ್ಲೇನು?" ಎಂದಳು ಚಿಗವ್ವ. ಆ ಮಾತಿನ ಹಿಂದಿನಿಂದ ಸಪ್ಪಳವೊಂದು ಬರುತ್ತಿತ್ತು. ತಪ ತಪ ತಪ, ಒಂದು ಗಳಿಗೆ ಬಿಡುವು, ಮತ್ತೆ ತಪ ತಪ.

ಹೊಸ್ತಿಲಲ್ಲಿ ಬಿದ್ದುಕೊಂಡಿದ್ದ ಸಜ್ಜಿಯ ಕಿವಿ ನಿಮಿರಿದವು. ಎದ್ದಳು. ಎಡವುತ್ತ, ಜಾರುತ್ತ ಓಡಿಬಂದು ನನ್ನ ಕೈಯ ಫೋನಿನತ್ತ ಮುಖವೆತ್ತಿ ಕುಂಯ್‌ಗುಟ್ಟಿದಳು. ಶಿವಾನಂದ ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟ. ಆಮೇಲೆ ಫೋನು ಕಸಿದುಕೊಂಡು, "ಚಿಗವ್ವ, ನೀ ಮಾತಾಡಬ್ಯಾಡ. ಸುಮ್ಮ ರೊಟ್ಟಿ ಬಡಿ" ಎಂದ.

"ಮುಂಜ್ಮುಂಜಾನೆ ತಲಿ ಕೆಟ್ಟೈತೇನ್ಲೇ ನಿಂದು?" ಎಂದಳು ಅವಳು. ಆದರೂ ಬಡಿದಳು.

ನಾಯಿಮರಿ ಹುಟ್ಟುವಾಗ ಅದರ ಕಣ್ಣಷ್ಟೇ ಅಲ್ಲ, ಕಿವಿಯೂ ಮುಚ್ಚಿರುತ್ತದೆ. ಎಷ್ಟೋ ದಿನ ಅದು ಕತ್ತಲಲ್ಲಿ, ಸದ್ದಿಲ್ಲದ ಲೋಕದಲ್ಲಿ, ತಾಯಿಯ ಬಿಸಿಯೊಂದನ್ನೇ ನಂಬಿ ಮಲಗಿರುತ್ತದೆ. ಆಮೇಲೆ ಒಂದು ದಿನ ಕಿವಿ ತೆರೆಯುತ್ತದೆ. ಕುಳ್ಳಿನ ಮೂಲೆಯಲ್ಲಿ ಸಜ್ಜಿಯ ಕಿವಿ ತೆರೆದಾಗ ಗೋಡೆಯ ಆಚೆಯಿಂದ ಮೊದಲು ಕೇಳಿದ್ದು ಚಿಗವ್ವನ ರೊಟ್ಟಿಯ ಸಪ್ಪಳವೇ ಇರಬೇಕು. ಆ ಸಪ್ಪಳಕ್ಕೆ ತಾಯಿನಾಯಿ ಎದ್ದು ಹೋಗುತ್ತಿತ್ತು, ತನ್ನ ಪಾಲಿನ ರೊಟ್ಟಿ ತಿಂದು ಬರುತ್ತಿತ್ತು, ಮರಿಗಳಿಗೆ ಹಾಲೂಡಿಸುತ್ತಿತ್ತು. ಸಜ್ಜಿಯ ಲೆಕ್ಕದಲ್ಲಿ ರೊಟ್ಟಿ ಬಡಿಯದೆ ಬೆಳಗಾಗುವುದಿಲ್ಲ, ಬೆಳಗಾಗದೆ ಊಟವಿಲ್ಲ. ನಮ್ಮ ಮನೆಯಲ್ಲಿ ಅವಳಿಗೆ ಇನ್ನೂ ಬೆಳಗೇ ಆಗಿರಲಿಲ್ಲ.

ಯೋಚಿಸಿದರೆ ನಾನೂ ಅದೇ ಸಪ್ಪಳದಲ್ಲಿ ಬೆಳೆದವಳೇ. ಚಿಕ್ಕಂದಿನಲ್ಲಿ ಹಾಸಿಗೆಯೊಳಗೆ ಎಚ್ಚರವೂ ಅಲ್ಲ ನಿದ್ದೆಯೂ ಅಲ್ಲದ ಹೊತ್ತಿನಲ್ಲಿ ಅದು ಎಲ್ಲಿಂದಲೋ ಬರುತ್ತಿತ್ತು. ಮೊದಲು ಓಣಿಯ ಕೊನೆಯ ಮನೆ, ಆಮೇಲೆ ಬಾಜೂಮನೆ, ಆಮೇಲೆ ನಮ್ಮದು. ಒಬ್ಬೊಬ್ಬರ ಕೈಯದು ಒಂದೊಂದು ನಡೆ. ಒಬ್ಬರದು ಅವಸರ, ಒಬ್ಬರದು ಸಾವಕಾಶ, ಒಬ್ಬರದರಲ್ಲಿ ನಡುವೆ ಬಳೆಯ ಕಿಣಿಕಿಣಿ. ಅರೆನಿದ್ದೆಯಲ್ಲಿ ಅವೆಲ್ಲ ಸೇರಿ ಇಡೀ ಊರೇ ಕಪ್ಪು ಎರೆಯ ಮೇಲೆ ಬರಿಗಾಲಲ್ಲಿ ನಡೆದು ಎಲ್ಲಿಗೋ ಹೊರಟಂತೆ ಅನ್ನಿಸುತ್ತಿತ್ತು. ನಾನೂ ಅವರ ಜೊತೆ ಸ್ವಲ್ಪ ದೂರ ಹೋಗಿ, ಮತ್ತೆ ನಿದ್ದೆಗೆ ಜಾರುತ್ತಿದ್ದೆ. ಆ ಸುಖವನ್ನು ಉಂಡವಳು ಅದನ್ನು ಯಾರಿಗಾದರೂ ಉಣಿಸಬೇಕಾದೀತೆಂದು ಎಂದೂ ಯೋಚಿಸಿರಲಿಲ್ಲ.

ಆದರೆ ಓದಿದವರು ಮೊದಲು ಅಡ್ಡದಾರಿಯನ್ನೇ ಹುಡುಕುತ್ತಾರೆ. ಶಿವಾನಂದ ಚಿಗವ್ವನ ರೊಟ್ಟಿಯ ಸಪ್ಪಳವನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡ. ಮರುದಿನ ಬೆಳಗ್ಗೆ ಅಡುಗೆಮನೆಯ ನೆಲದ ಮೇಲೆ ಫೋನಿಟ್ಟು ಹಚ್ಚಿದ. ಸಜ್ಜಿ ಹಾರಿಕೊಂಡು ಬಂದಳು. ಫೋನಿನ ಮುಂದೆ ಕೂತಳು, ಹಿಂದೆ ಹೋಗಿ ನೋಡಿದಳು, ನೆಕ್ಕಿದಳು. ಹಿಟ್ಟಿನ ವಾಸನೆಯಿಲ್ಲ, ಹಂಚಿನ ಬಿಸಿಯಿಲ್ಲ. ನಾವು ಅವಸರದಿಂದ ಮುಂದಿಟ್ಟ ಹಾಲನ್ನು ಒಂದಿಷ್ಟು ಕುಡಿದಳು. ಅದರ ಮರುದಿನ ಬಂದು ಮೂಸಿ ಹೋದಳು. ಆಮೇಲೆ ರೆಕಾರ್ಡು ಹಚ್ಚಿದರೆ ಮುಖ ಆ ಕಡೆ ತಿರುಗಿಸಿದಳು. ಆ ತಿರುಗಿಸಿದ ಮುಖವನ್ನು ನೋಡಿ ನನಗೆ ನಾಚಿಕೆಯಾಯಿತು. ಇಷ್ಟು ಸಣ್ಣ ಜೀವಕ್ಕೆ ಮೋಸ ಮಾಡಲು ಇಬ್ಬರು ಪದವೀಧರರು ಸೇರಿದ್ದೆವು. ಅವತ್ತೇ ಗಿರಣಿಗೆ ಹೋಗಿ ಜೋಳದ ಹಿಟ್ಟು ಹಾಕಿಸಿಕೊಂಡು ಬಂದೆ.

ಜೋಳದ ಹಿಟ್ಟಿಗೆ ಗೋದಿಯ ಹಾಗೆ ಜಿಗುಟಿಲ್ಲ. ಕುದಿಯುವ ಎಸರು ಹೊಯ್ದು, ಕೈ ಸುಟ್ಟುಕೊಳ್ಳುತ್ತ ನಾದಿದರೆ ಮಾತ್ರ ಹದಕ್ಕೆ ಬರುತ್ತದೆ. ಬಡಿಯುವಾಗ ರೊಟ್ಟಿಯನ್ನು ನಾವು ತಿರುಗಿಸಬಾರದು, ಕೈಯ ಹೊಡೆತಕ್ಕೆ ಅದು ತಾನೇ ತಿರುಗಬೇಕು. ನನ್ನದು ತಿರುಗಲಿಲ್ಲ. ಅಂಚು ಒಡೆದು, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಬಾಗಿಲಿಗೆ ಒರಗಿ ನಿಂತಿದ್ದ ಶಿವಾನಂದ ತನ್ನ ವೃತ್ತಿಯ ಗಾಂಭೀರ್ಯದಿಂದ ನೋಡಿ, "ಇದಕ್ಕ ಗಡಿಕಲ್ಲ ನೆಟ್ಟು ಹದ್ದುಬಸ್ತ ಮಾಡಿಸಬೇಕು ನೋಡು. ಈ ಕಡೆ ಬಾಜೂದವರ ಹೊಲ ಒತ್ತೀದಿ" ಎಂದ. ಹಿಟ್ಟಿನ ಕೈಯನ್ನು ಅವನ ಅಂಗಿಗೆ ಒರೆಸಬೇಕೆಂದು ಏಳುತ್ತಿದ್ದೆ; ಏಳಲಾಗಲಿಲ್ಲ. ಸಜ್ಜಿ ಬಂದು ನನ್ನ ಪಾದದ ಮೇಲೆ ಕೂತಿದ್ದಳು.

ಆ ಮುರುಕು ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಇಟ್ಟೆ. ತಿಂದಳು. ತಟ್ಟೆಯನ್ನು ಮೂಲೆಯ ತನಕ ನೂಕಿಕೊಂಡು ಹೋಗಿ ನೆಕ್ಕಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಸುಟ್ಟ ಬೆರಳು ಉರಿಯುವುದೂ ಗೊತ್ತಾಗಲಿಲ್ಲ.

ಆಮೇಲೆ ಅದೇ ನಮ್ಮ ಬೆಳಗಾಯಿತು. ಕಿಟಕಿಯಾಚೆ ಜೋಳದ ತೆನೆಗಳ ಮೇಲೆ ಮಂಜು ಕೂತಿರುತ್ತಿತ್ತು. ಬೆಳಕು ಇನ್ನೂ ಬಂದಿಲ್ಲ, ಬರುತ್ತೇನೆಂದು ಹೇಳಿ ಕಳಿಸಿದೆ, ಅಂಥ ಹೊತ್ತು. ನಾನು ಕಣ್ಣು ಅರ್ಧ ಮುಚ್ಚಿಕೊಂಡೇ ಬಡಿಯುತ್ತಿದ್ದೆ. ಪಾದದ ಮೇಲೆ ಒಂದು ಬೆಚ್ಚನೆಯ ಭಾರ ಉಸಿರಾಡುತ್ತಿತ್ತು. ಸಪ್ಪಳ ಹೊಲದ ಕಡೆ ಹೋಗಿ ಕರಗುತ್ತಿತ್ತು, ಗೋಡೆ ಎದುರು ಮಾತಾಡುವುದನ್ನು ಬಿಟ್ಟಿತ್ತು. ಪೇಟೆಯ ಕಡಕ್ ರೊಟ್ಟಿ ನಿಂತಿತು. ಶಿವಾನಂದ ಒಡಕು ರೊಟ್ಟಿಯನ್ನು ತಿನ್ನುತ್ತ, ನಿನ್ನೆಗಿಂತ ಇವತ್ತು ತಂಟೆ ಕಡಿಮೆ ಎಂದು ವರದಿ ಕೊಡುತ್ತಿದ್ದ.

ಅಮವಾಸ್ಯೆ ಬಂತು; ನಾನು ಶಾಲೆಗೆ ರಜೆ ಹಾಕಿದೆ. ಅವತ್ತು ಹೊಲದಲ್ಲಿ ಎತ್ತು ಹೂಡುವುದಿಲ್ಲವಾದ್ದರಿಂದ ಚಿಗವ್ವ ಮೊದಲ ಬಸ್ಸಿಗೇ ಹೊರಟುಬಂದಳು. ಕೈಯಲ್ಲೊಂದು ಚೀಲ, ಅದರಲ್ಲಿ ಮೆತ್ತಗಿನ ಹಳೆಯ ಸೀರೆ. ಮರಿಯನ್ನು ಸುತ್ತಿ ಒಯ್ಯಲಿಕ್ಕೆಂದು ಕೇಳದೆಯೇ ತಿಳಿಯಿತು. ಸಜ್ಜಿ ಅವಳ ಕಾಲು ಮೂಸಿ, ಸೀರೆಯ ನೆರಿಗೆ ಹಿಡಿದೆಳೆದು, ಮೈಯೆಲ್ಲ ಬಾಲವಾಗಿ ಕುಣಿದಳು. ಚಿಗವ್ವ ಅವಳನ್ನೆತ್ತಿ ಹೊಟ್ಟೆ ಒತ್ತಿ ನೋಡಿದಳು. "ಸೊರಗಿಲ್ಲ" ಎಂದಳು. ಒಪ್ಪಿಗೆಯೋ, ಸ್ವಲ್ಪ ನಿರಾಸೆಯೋ ತಿಳಿಯಲಿಲ್ಲ. ಆಮೇಲೆ ಯಾರನ್ನೂ ಕೇಳದೆ ನೇರ ಅಡುಗೆಮನೆಗೆ ನಡೆದು, "ನೀ ಬಾಜೂಕ ಸರಿ, ಇವತ್ತ ರೊಟ್ಟಿ ನಾ ಬಡೀತೀನಿ" ಎಂದು ಹಿಟ್ಟಿಗೆ ಕೈಹಾಕಿದಳು.

ನಾನು ಹೊರಗೆ ಬಂದು ಹೊಸ್ತಿಲಲ್ಲಿ ನಿಂತೆ. ಇನ್ನು ಬರುವುದು ಸಜ್ಜಿಯ ಕಿವಿ ತೆರೆಸಿದ ಸಪ್ಪಳ. ಅದರ ಮುಂದೆ ನನ್ನ ಒಡಕು ರೊಟ್ಟಿಯ ಗತಿಯೇನು? ತಪ ತಪ ತಪ ಎಂದು ಶುರುವಾಯಿತು. ಎಷ್ಟು ಸಲೀಸು, ಎಷ್ಟು ಸಮ! ಸಜ್ಜಿ ಕಿವಿ ನಿಮಿರಿಸಿ ಒಳಗೆ ಓಡಿದಳು. ನಾನು ಹೊಲದ ಕಡೆ ನೋಡುತ್ತ ನಿಂತೆ. ಅವಳು ಹೋದರೂ ಅದರಲ್ಲಿ ಅವಳ ತಪ್ಪಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಸ್ವಲ್ಪ ಹೊತ್ತಿಗೆ ನನ್ನ ಪಾದದ ಮೇಲೆ ಭಾರ ಬಂದು ಕೂತಿತು. ಸಜ್ಜಿ ಒಳಗೆ ಹೋಗಿ ಚಿಗವ್ವನನ್ನು ನೋಡಿ, ಬಾಲವಾಡಿಸಿ, ತಿರುಗಿ ಬಂದಿದ್ದಳು. ಬಂದವಳು ಕತ್ತೆತ್ತಿ ನನ್ನನ್ನೇ ನೋಡಿದಳು. ನೀನು ಇಲ್ಲಿ ಯಾಕೆ ನಿಂತಿದ್ದೀ, ಒಳಗೆ ಯಾರೋ ಬಡಿಯುತ್ತಿದ್ದಾರಲ್ಲ ಎನ್ನುವ ಹಾಗಿತ್ತು ಆ ನೋಟ.

ಒಳಗೆ ಸಪ್ಪಳ ನಿಂತಿತು. ಚಿಗವ್ವ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. "ಬಾ ಬೇ, ನೀನ ಬಡಿ" ಎಂದು ಕೈ ತೊಳೆದುಕೊಂಡಳು. ನಾನು ಬಡಿದೆ. ಅವಳು ಗೋಡೆಗೊರಗಿ ಕೂತು ನನ್ನ ರೊಟ್ಟಿ ತಿಂದಳು. "ಅಂಚ ಒಡದಾವ. ದಪ್ಪ ಆಗೈತಿ" ಎಂದಳು. ಮತ್ತೆ, "ಇನ್ನೊಂದು ಹಾಕು" ಎಂದಳು.

ಮಧ್ಯಾಹ್ನದ ಬಸ್ಸಿಗೆ ಅವಳನ್ನು ಕಳಿಸಲು ಹೋದೆ. ನಿಲ್ದಾಣದ ಕಟ್ಟೆಯ ಮೇಲೆ ನನ್ನ ಕೈ ಹಿಡಿದುಕೊಂಡು ಕೂತವಳು ಬಹಳ ಹೊತ್ತು ಮಾತಾಡಲಿಲ್ಲ. ಚೀಲದಲ್ಲಿ ಹಳೆಯ ಸೀರೆ ಮಡಿಚಿದಂತೆಯೇ ಇತ್ತು. ಬಸ್ಸು ಬಂದಾಗ ಎದ್ದು, "ನನಗ ಹೆಣ್ಣಮಕ್ಕಳಿಲ್ಲ ನೋಡು. ಮಗಳನ್ನ ಕೊಟ್ಟ ಮನಿಗೆ ಹೋಗಿ ಬರೂ ಹೆಣ್ಮಕ್ಕಳು ಬಸ್ಸಿನ್ಯಾಗ ಯಾಕ ಅಷ್ಟ ಸುಮ್ಮ ಕುಂತಿರ್ತಾರ ಅಂತ ಇವತ್ತ ತಿಳೀತು" ಎಂದಳು. ನಗುತ್ತಲೇ ಹೇಳಿದಳು, ಆದರೆ ಮೆಟ್ಟಿಲು ಹತ್ತುವಾಗ ಕಣ್ಣು ಒರೆಸಿಕೊಂಡಳು. ಗೆದ್ದವಳಿಗೆ ಇಷ್ಟು ಸಂಕಟವಾಗುತ್ತದೆಂದು ಗೊತ್ತಿರಲಿಲ್ಲ.

ಮನೆಗೆ ಬಂದು ಕದ ತೆಗೆದಾಗ ಸಜ್ಜಿ ಎಂದಿನಂತೆ ಮೈಮೇಲೆ ಹಾರಲಿಲ್ಲ. ಚಿಗವ್ವ ಹಿಡಿದುಕೊಂಡಿದ್ದ ನನ್ನ ಕೈಯನ್ನು ಮೂಸಿದಳು. ಅಂಗೈ, ಬೆರಳುಗಳ ಸಂದಿ, ಮಣಿಕಟ್ಟು, ಮತ್ತೆ ಅಂಗೈ. ಮೂಸುತ್ತ ಮೂಸುತ್ತ ಬಾಲ ಮೆಲ್ಲಗೆ ಆಡತೊಡಗಿತು. ನಾನು ಇನ್ನೊಂದು ಕೈಯಿಂದ ಚಿಗವ್ವನಿಗೆ ಫೋನು ಮಾಡಿದೆ. ಬಸ್ಸಿನ ಗದ್ದಲದಲ್ಲಿ ಕೂಗಿ ಹೇಳಬೇಕಾಯಿತು: "ಚಿಗವ್ವ, ನಿನ್ನ ಮರತಿಲ್ಲ ಇಕಿ. ನೀ ಹಿಡಕೊಂಡಿದ್ದ ಕೈನ ಮೂಸಾಕತ್ತಾಳ, ಬಿಡವಲ್ಲಳು."

ಚಿಗವ್ವ, "ಹಂಗಿದ್ರ ಸಂಜೀತನ ಕೈ ತೊಳಕೋಬ್ಯಾಡ" ಎಂದಳು.

ನಾನು ಕೈಗೆ ನೀರು ಸೋಕಿಸಲಿಲ್ಲ; ಅವತ್ತು ಸಂಜೆಯ ಚಹಾ ಶಿವಾನಂದನೇ ಮಾಡಿದ.