ಮುಚ್ಚಿಟ್ಟ ಮಾಲು

ನೆಹರು ಗಂಜ್ ಮಾರುಕಟ್ಟೆಯ ಸಗಟು ವ್ಯಾಪಾರಿಯೊಬ್ಬರಿಗೆ ನಾನು ಮೊಬೈಲ್ ಆ್ಯಪ್ ಮಾಡಿಕೊಡುತ್ತಿದ್ದೆ. ಪರದೆಯ ಕೆಳಗೆ ತೊಗರಿ, ಕಡಲೆ, ಬಾಳೆ ಎಂದು ಮೂರು ಟ್ಯಾಬ್. ಒತ್ತಿದರೆ ಆಯಾ ಮಾಲಿನ ಪುಟ. ಅಂಗಡಿಯಲ್ಲಿ ಪ್ರತಿ ಚೀಲದ ಬಾಯಿ ಬಿಚ್ಚಿಡುವ ಅವರಿಗೆ ಇದು ಹಿಡಿಸಲೇ ಇಲ್ಲ. ಪರದೆಯನ್ನು ಬೆರಳಿನಿಂದ ಕುಕ್ಕಿ, "ಮುಚ್ಚಿಟ್ಟ ಮಾಲು ಯಾರು ನೋಡ್ತಾರ್ರೀ? ಎಲ್ಲಾ ಒಂದೇ ಕಡೆ ಹಾಕ್ರೀ" ಎನ್ನುತ್ತಿದ್ದರು. ವಾದಿಸಿ ವಾದಿಸಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಒಂದು ದಿನ ಕಮಲಾಪುರದ ಬಾಳೆ ಬೆಳೆಗಾರರೊಬ್ಬರಿಗೆ ಆ್ಯಪ್ ತೋರಿಸಲು ಇಬ್ಬರೂ ಹೋದೆವು. ತೊಗರಿಯ ಪುಟ ನೋಡಿದ ಬೆಳೆಗಾರರು, "ನಮ್ಮ ಬಾಳಿ ಎಲ್ಲಿ ಅದರೀ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ವ್ಯಾಪಾರಿ ಟ್ಯಾಬ್ ಒತ್ತಿ, "ಇಲ್ಲೇ ಅದ ನೋಡ್ರೀ. ನಿಮ್ಮ ಮಾಲಿಗಂತ ಬ್ಯಾರೆ ಖೋಲೀನೇ ಮಾಡಿಸೀನಿ!" ಎಂದು ಎದೆಯುಬ್ಬಿಸಿದರು.

ಅಂತೂ ಗೆದ್ದೆ ಎಂದುಕೊಂಡೆ. ಕಾರು ಕಮಲಾಪುರ ದಾಟಿರಲಿಲ್ಲ, ಅದೇ ಬೆರಳು ಮತ್ತೆ ಪರದೆಯನ್ನು ಕುಕ್ಕಿತು: "ಆದ್ರೂ ಮುಚ್ಚಿಟ್ಟ ಮಾಲು ಯಾರು ನೋಡ್ತಾರ್ರೀ?"