ರಾಜೇಶ್ವರಿ ಮೇಡಂ ನಡೆಸಿದ ಮಟಿಲ್ಡಾ ಟ್ಯಾಂಕು

ಭದ್ರಾವತಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಬಸವರಾಜೇಶ್ವರಿಗೆ ಮೈದುನ ವೀರೇಂದ್ರನ ಮುಖ ಕಂಡರೆ ಆಗುತ್ತಿರಲಿಲ್ಲ. ಹಳೇನಗರದಲ್ಲಿ ಅಕ್ಕಪಕ್ಕದ ಮನೆಯಲ್ಲಿದ್ದೂ ಮಾತು ಬಿಟ್ಟು ಐದು ವರ್ಷವಾಗಿತ್ತು. ಒಂದು ಮಧ್ಯಾಹ್ನ ಗಂಡ ವಿಶ್ವಾರಾಧ್ಯ ಎದೆ ಹಿಡಿದುಕೊಂಡು ಕುಸಿದಾಗ ಆಕೆ ಓಡಿಹೋಗಿ ವೀರೇಂದ್ರನ ಕಾರು ಕೇಳಿದ್ದಳು. ಬ್ಯಾಟರಿ ಇಳಿದಿದೆ, ಸ್ಟಾರ್ಟ್ ಆಗುತ್ತಿಲ್ಲ ಎಂದಿದ್ದ ಅವನು. ಆಟೋದಲ್ಲಿ ಶಿವಮೊಗ್ಗ ಮುಟ್ಟುವಷ್ಟರಲ್ಲಿ ವಿಶ್ವಾರಾಧ್ಯನ ಉಸಿರು ನಿಂತಿತ್ತು. ಮರುದಿನ ಬೆಳಿಗ್ಗೆ ಅದೇ ಕಾರು ನೆಂಟರನ್ನು ತಂದು ಬಾಗಿಲಲ್ಲಿ ಇಳಿಸಿತು. ಆಕೆ ಕಣ್ಣಾರೆ ನೋಡಿದಳು, ಬಾಯಿ ಬಿಡಲಿಲ್ಲ.

ಆಮೇಲೆ ಆಕೆಯ ಭಾನುವಾರಗಳನ್ನು ತುಂಬಿದ್ದು ಶಿವಮೊಗ್ಗದ ರವೀಂದ್ರನಗರದಲ್ಲಿದ್ದ ದುಶ್ಯಂತನ ಮಹಡಿಯ ಕೋಣೆ. ಮೊಬೈಲ್ ಅಂಗಡಿಯ ದುಶ್ಯಂತ, ಬ್ಯಾಂಕಿನ ಮೀರಾ, ಇನ್ನೂ ಒಬ್ಬಿಬ್ಬರು ಅಲ್ಲಿ ಮೇಜಿನ ಸುತ್ತ ಕೂತು ಒಂದು ಆಟ ಆಡುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ತಾನು ಏನು ಮಾಡುತ್ತೇನೆಂದು ಬಾಯಲ್ಲಿ ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಕತೆ ಕಟ್ಟಿ ಆಟ ನಡೆಸುವುದಕ್ಕೆ ಒಬ್ಬರಿರಬೇಕು. ಆ ಜಾಗ ಅಲ್ಲಿ ಎಲ್ಲರೂ ರಾಜೇಶ್ವರಿ ಮೇಡಂ ಎನ್ನುತ್ತಿದ್ದ ಬಸವರಾಜೇಶ್ವರಿಯದು.

ಖಡ್ಗ, ರಾಕ್ಷಸರು ಬೇಸರವಾದಾಗ ಆಕೆ ಎರಡನೇ ಮಹಾಯುದ್ಧದ ಬ್ರಿಟಿಷ್ ಟ್ಯಾಂಕ್ ಮಟಿಲ್ಡಾವನ್ನು ಮರುಭೂಮಿಯ ಸಮೇತ ಆಟಕ್ಕೆ ತಂದಳು. ಬೇಸಿಗೆ ರಜೆಯೆಲ್ಲ ಅದರ ನಿಯಮ ಬರೆಯುವುದರಲ್ಲೇ ಕಳೆಯಿತು. ಮುಂಭಾಗದ ಉಕ್ಕು ಅಂಗೈ ಅಗಲದಷ್ಟು ದಪ್ಪ, ಆದರೆ ಮರಳಿನಲ್ಲಿ ಸೈಕಲ್ಲಿನ ವೇಗ. ತೋಪಿನಲ್ಲಿ ಉಕ್ಕು ಕೊರೆಯುವ ಗಟ್ಟಿ ಗುಂಡು ಮಾತ್ರ, ಸಿಡಿಯುವ ಗುಂಡಿಲ್ಲ. ಕಾಲಾಳುಗಳು ನುಗ್ಗಿದರೆ ಮೆಷಿನ್ ಗನ್ನೇ ಗತಿ. ಉಳಿದವರು ಮೇಲೆ ಗೋಪುರದಲ್ಲಿದ್ದರೆ ಡ್ರೈವರ್ ಮುಂದೆ ಕೆಳಗೆ ಒಬ್ಬನೇ ಕೂತಿರುತ್ತಾನೆ. ಇವೆಲ್ಲವೂ ಆಟದಲ್ಲಿ ಲೆಕ್ಕಕ್ಕೆ ಬರುತ್ತಿದ್ದವು. "ಟ್ಯಾಂಕಿಗೆ ಇಲ್ಲದ ಶಕ್ತಿನ ನಾನು ಕೊಡಲ್ಲ" ಎನ್ನುತ್ತಿದ್ದಳು.

ಟ್ಯಾಂಕಿನ ಕಮಾಂಡರ್ ಪಾತ್ರ ಆಡುತ್ತಿದ್ದವನು ಬೇರೆ ಊರಿಗೆ ವರ್ಗವಾಗಿ ಹೋದ. ಮುಂದಿನ ಭಾನುವಾರ ದುಶ್ಯಂತ ತನ್ನ ಗಿರಾಕಿಯೊಬ್ಬನನ್ನು ಕರೆತಂದ. ಅದು ವೀರೇಂದ್ರ.

"ಅತ್ತಿಗೆ, ನೀವಾ?" ಎಂದ ವೀರೇಂದ್ರ. ಬಾಗಿಲಲ್ಲೇ ನಿಂತುಬಿಟ್ಟ.

"ಇಲ್ಲಿ ನಾನು ಯಾರಿಗೂ ಅತ್ತಿಗೆ ಅಲ್ಲ. ಕೂರೋದಾದ್ರೆ ಕೂರು."

ಕೂತ. ಕಮಾಂಡರ್ ಆಗಿ ಕೂತವನು ಸುಮ್ಮನಿರಲಿಲ್ಲ. "ಇದೇನ್ ಮಾರಾಯ, ಟ್ಯಾಂಕಾ, ಎಮ್ಮೇನಾ?" ಎಂದು ನಕ್ಕ. ಡ್ರೈವರ್ ದುಶ್ಯಂತ ಎಂಜಿನ್ ಬಿಸಿಯಾಗುತ್ತಿದೆ ಎಂದರೆ, "ತುಳಿಯೋ, ಕೇಳ್ಬೇಡ" ಎಂದ. ಮೀರಾಳ ಗುಂಡು ಗುರಿ ತಪ್ಪಿದಾಗ, "ಬ್ಯಾಂಕಲ್ಲೂ ಹಿಂಗೇನಾ ಕೆಲ್ಸ?" ಎಂದ. ಮೇಡಂ ಹಲ್ಲು ಕಚ್ಚಿಕೊಂಡು ಆಟ ನಡೆಸಿದಳು.

ಆಟದಲ್ಲಿ ದಿಬ್ಬದ ಹಿಂದಿನಿಂದ ಜರ್ಮನ್ ತೋಪು ಗುಂಡು ಹಾರಿಸಿತು. ಗುಂಡು ಗೋಪುರಕ್ಕೆ ತಾಗಿತು. ಬೇರೆಯವರಿಗೆ ಕಾಣದಂತೆ ಮುಂದಿಟ್ಟುಕೊಂಡಿದ್ದ ರಟ್ಟಿನ ಮರೆಯ ಹಿಂದೆ ಮೇಡಂ ಇಪ್ಪತ್ತು ಮುಖದ ದಾಳ ಉರುಳಿಸಿದಳು. ಹದಿನೆಂಟು ದಾಟಿದರೆ ಮಾತ್ರ ಉಕ್ಕು ತೂರಬೇಕು. ಬಿದ್ದದ್ದು ನಾಲ್ಕು.

"ತೂರಿತು. ಕಮಾಂಡರ್ ಸತ್ತ" ಎಂದಳು.

ಪಕ್ಕದಲ್ಲೇ ಕೂತಿದ್ದ ಮೀರಾ ಕತ್ತು ಚಾಚಿ ನೋಡಿದಳು. "ಮೇಡಂ, ನಾಲ್ಕಲ್ವಾ ಬಿದ್ದಿರೋದು?"

ಮೇಡಂ ರಟ್ಟನ್ನು ತಾನೇ ಎತ್ತಿ ಪಕ್ಕಕ್ಕಿಟ್ಟಳು. "ಹೌದು. ಸುಳ್ಳು ಹೇಳ್ದೆ. ಇವನೂ ಹೇಳಿದ್ದ, ನನ್ನ ಗಂಡ ಸಾಯ್ತಾ ಇದ್ದಾಗ. ಕಾರು ಸ್ಟಾರ್ಟ್ ಆಗ್ತಿಲ್ಲ ಅಂತ."

"ಇದೇನಿದು, ಆಟಕ್ಕೆ ಕರೆದು..." ವೀರೇಂದ್ರ ಎದ್ದು ನಿಂತ.

"ಮಾರನೇ ದಿನ ನೆಂಟರನ್ನ ತರೋಕೆ ಅದೇ ಕಾರು ಹೆಂಗೆ ಹೋಯ್ತೋ?"

ಅವನು ದುಶ್ಯಂತನನ್ನು ನೋಡಿದ. ದುಶ್ಯಂತ ನೆಲ ನೋಡುತ್ತಿದ್ದ. "ಅಣ್ಣಂದು ಯಾವಾಗ್ಲೂ ಗ್ಯಾಸ್ಟ್ರಿಕ್ ನೋವು" ಎಂದ ಕೊನೆಗೆ, ದನಿ ಏರಿಸಿ. "ಎಷ್ಟ್ ಸಲ ಸುಮ್ನೆ ಆಸ್ಪತ್ರೆಗೆ ಓಡ್ಸಿಲ್ಲ ನೀವು? ಅವತ್ತೂ ಅಷ್ಟೇ ಅಂದ್ಕೊಂಡೆ. ಊಟಕ್ಕೆ ಕೂತಿದ್ದೆ. ಅದಕ್ಕೇ ಹಂಗಂದೆ."

ಐದು ವರ್ಷ ಆಕೆ ಈ ಮಾತಿಗೇ ಕಾದಿದ್ದಳು. ಕೇಳಿದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಅವನು ಎದುರಿಗೆ ಅನ್ನದ ತಟ್ಟೆ ಇಟ್ಟುಕೊಂಡು ಸುಳ್ಳು ಹೇಳಿದ್ದು ಕಣ್ಣಿಗೆ ಕಟ್ಟಿತು.

"ಗುಂಡು ತೂರಲಿಲ್ಲ. ಕಮಾಂಡರ್ ಬದುಕಿದ್ದಾನೆ" ಎಂದಳು. "ನೀನು ಎದ್ದು ಹೋಗು."

ಅವನು ಕುರ್ಚಿ ಒದ್ದು ಹೋದ.

ಅಷ್ಟಕ್ಕೇ ಮುಗಿಯಲಿಲ್ಲ. "ನಿಮ್ ಸಂಕಟ ಅರ್ಥ ಆಗುತ್ತೆ ಮೇಡಂ. ಆದ್ರೆ ಇನ್ಮೇಲೆ ನಿಮ್ಮ ಡೈಸ್ ನಂಬೋದು ಹೆಂಗೆ?" ಎಂದಳು ಮೀರಾ. ಮೇಡಂಗೆ ರೇಗಿತು. ಎದ್ದು ಹೋಗಿ ಭದ್ರಾವತಿಯ ಬಸ್ಸು ಹತ್ತಿದಳು. ಎರಡು ಭಾನುವಾರ ರವೀಂದ್ರನಗರದ ಕಡೆ ಸುಳಿಯಲಿಲ್ಲ. ಮೀರಾ ಕೇಳಿದ್ದರಲ್ಲಿ ತಪ್ಪಿಲ್ಲವೆಂದು ಗೊತ್ತಿದ್ದೂ ಅದನ್ನು ಒಪ್ಪಿಕೊಳ್ಳಲು ಅಷ್ಟು ದಿನ ಬೇಕಾಯಿತು.

ಮೂರನೆಯ ಭಾನುವಾರ ದುಶ್ಯಂತ ಫೋನ್ ಮಾಡಿದ. "ವೀರೇಂದ್ರಣ್ಣ ಇನ್ನೊಂದ್ಸಲ ಬರ್ತೀನಿ ಅಂತಿದಾರೆ. ಕೂತು ಮಾತಾಡಿ ಸರಿ ಮಾಡ್ಕೊಳಿ ಮೇಡಂ."

"ಟ್ಯಾಂಕ್ ಬೇಕಾದ್ರೆ ತಗೊಳ್ಳಿ, ನಾನು ಬರೆದ ನಿಯಮನೂ ತಗೊಳ್ಳಿ. ಅವನ ಎದುರು ನಾನು ಕೂರಲ್ಲ. ಯಾರು ಬೇಕೋ ನೀವೇ ನೋಡಿ."

"ಅವರಿಗೆ ಬರ್ಬೇಡಿ ಅಂತೀನಿ. ನೀವು ಸಂಜೆ ನಾಲ್ಕಕ್ಕೆ ಬನ್ನಿ" ಎಂದ ದುಶ್ಯಂತ.

ಹೋದಳು. ಕಮಾಂಡರ್ ಜಾಗದಲ್ಲಿ ಮೀರಾ ಕೂತಿದ್ದಳು, ಮುಖದಲ್ಲಿ ನಗುವಿರಲಿಲ್ಲ. ಮೇಡಂ ನಮಸ್ಕಾರ, ಕುಶಲ ಎಂದೆಲ್ಲ ಹೇಳಲು ಹೋಗಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಮೇಜಿನ ನಡುವೆ ದಾಳ ಬಿಟ್ಟು, "ಎಂಜಿನ್ ಇನ್ನೂ ಬಿಸಿ ಇದೆ. ಏನ್ ಮಾಡ್ತೀರಾ?" ಎಂದು ಕೇಳಿದಳು.