ಶುಕ್ರವಾರ ಕೇಳಿದ ಕೆಂಡ

ಯುದ್ಧದ ಕಾಲ. ಕಳ್ಳಂಬೆಳ್ಳದಲ್ಲಿ ದೊಡ್ಡವರಿಗೆಂದು ಸಂಜೆ ಶಾಲೆ ತೆರೆದಿದ್ದರು. ಎರಡು ಮಕ್ಕಳ ತಂದೆಯಾದ ಮೇಲೆ ನಾನು ಅಲ್ಲಿ ಸ್ಲೇಟು ಹಿಡಿದೆ. ಒಂದು ಗುರುವಾರ ಮೇಷ್ಟ್ರು ಬೋರ್ಡಿನ ಮೇಲೆ 'ಕಿಚ್ಚು' ಎಂದು ಬರೆದು, "ಇದು ಒಲೇಲೂ ಇರುತ್ತೆ, ಹೊಟ್ಟೇಲೂ ಇರುತ್ತೆ. ಎರಡಕ್ಕೂ ಒಂದೊಂದು ವಾಕ್ಯ ಬರ್ಕೊಂಡು ಬನ್ನಿ. ನಿಮ್ಮ ಮನೇದೇ ಆಗಿರಲಿ" ಎಂದರು.

ಒಲೆಯದನ್ನು ಅಲ್ಲೇ ಬರೆದೆ. ಹೊಟ್ಟೆಯದಕ್ಕೆ ಅಣ್ಣನ ಹೆಸರು ಹಾಕೋಣ ಅಂದುಕೊಂಡೆ. ಪಾಲಾದಾಗ ಬಾವಿಯಿದ್ದ ಹೊಲ ಅವನಿಗೆ ಹೋಗಿತ್ತು. ಚೀಟಿ ಎತ್ತಿದ್ದು ನಾನೇ. ಆದರೂ ಪಕ್ಕದ ಅವನ ಮನೆಯೊಂದಿಗೆ ಒಂದು ವರ್ಷದಿಂದ ಮಾತು ಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಹೆಂಡತಿ ಒಲೆಯ ಬೂದಿ ಕೆದಕಿದರೆ ಒಂದು ಕಿಡಿಯೂ ಇಲ್ಲ. ಬೆಂಕಿಪೊಟ್ಟಣ ಅಂಗಡಿಯಲ್ಲಿ ಸಿಗದೆ ತಿಂಗಳಾಗಿತ್ತು. ಆಗಷ್ಟೇ ಜ್ವರ ಬಿಟ್ಟಿದ್ದ ಚಿಕ್ಕ ಮಗು ಗಂಜಿಗೆ ಅಳುತ್ತಿತ್ತು. ಕೆಂಡ ಇಸಿದುಕೊಳ್ಳಲು ಬೆರಣಿ ಹಿಡಿದು ಬೀದಿಯೆಲ್ಲ ತಿರುಗಿದೆ. ಶುಕ್ರವಾರ ಬೆಂಕಿ ಕೊಟ್ಟರೆ ಮನೆಯ ಲಕ್ಷ್ಮಿಯೇ ಹೋದಂತೆ ಎಂದು ಯಾರೂ ಕೊಡಲಿಲ್ಲ. ಉಳಿದದ್ದು ಅಣ್ಣನ ಬಾಗಿಲು.

ಜಗಲಿಯ ಮೇಲಿದ್ದ ಅಣ್ಣ ಬೆರಣಿ ನೋಡಿದ. "ಏನ್ಲಾ, ವರ್ಷಕ್ಕೊಂದ್ಸಲ ಬರ್ತೀಯ, ಅದೂ ಶುಕ್ರವಾರ್ವೇ ಬರ್ಬೇಕಾ?"

"ಮಗೀಗೆ ಗಂಜಿ ಕಾಯಿಸ್ಬೇಕು ಕಣಣ್ಣ. ಒಲೆ ಆರೋಗೈತೆ."

"ಇವತ್ತು ಬೆಂಕಿ ಕೊಡಾಕಾಗಕಿಲ್ಲ ಕಣ್ಲಾ."

ತಿರುಗಿ ಹೊರಟೆ. ಒಳಗಿನಿಂದ ಅತ್ತಿಗೆ ಕೂಗಿದರು: "ಬೆಂಕಿ ಆಚೆ ಹೋಗ್ಬಾರ್ದು, ಸರಿ. ಮಡಕೆ ಒಳಕ್ ಬರ್ಬಾರ್ದು ಅಂತ ಯಾರಂದ್ರು? ಹೋಗಪ್ಪ, ನಿನ್ನ ಹೆಂಡ್ತೀನ ಮಡಕೆ ಸಮೇತ ಕರ್ಕೊಂಡ್ ಬಾ!"

ಅಣ್ಣ ನಕ್ಕುಬಿಟ್ಟ. "ಇವಳು ಮೊದ್ಲೇ ಇಂಗಂದಿದ್ರೆ ನಾನ್ಯಾಕೆ ಕೆಟ್ಟೋನಾಗ್ತಿದ್ದೆ? ಮಗೀನೂ ಎತ್ಕೊಂಡ್ ಬಾ ಲೇ."

ಅತ್ತಿಗೆಯ ಒಲೆಯ ಮೇಲೆ ನಮ್ಮ ಮಡಕೆ ಕುದಿಯಿತು. ಮಗು ಅಣ್ಣನ ತೊಡೆಯ ಮೇಲೆ ಕೂತು ಗಂಜಿ ಕುಡಿಯಿತು. ಅದರ ಬಾಯಿ ಒರೆಸುತ್ತಾ ಅವನೆಂದ: "ಬಾವೀಲಿ ನೀರು ಮಿಕ್ಕೋಗೈತೆ. ನಿನ್ನ ಹೊಲಕ್ಕೆ ಯಾಕ್ ತಿರುಗಿಸ್ಕೊಳ್ಳಲ್ಲ? ಕೇಳಿದ್ರೆ ಬಾಯಿ ಸವೆದೋಗ್ತದಾ?"

ನಾನು ಒಂದು ಸಲವೂ ಕೇಳಿರಲಿಲ್ಲ.

ಸಂಜೆ ಎರಡನೆಯ ವಾಕ್ಯ ಬರೆದೆ: 'ಬಾವಿ ಅಣ್ಣನಿಗೆ ಬಂತು, ಹೊಟ್ಟೆಕಿಚ್ಚು ನನಗೆ ಬಂತು.' ಮೇಷ್ಟ್ರು ಓದಿ, ಒಂದು ಒತ್ತಕ್ಷರ ತಿದ್ದಿ, ಸ್ಲೇಟು ಹಿಂದಕ್ಕೆ ಕೊಟ್ಟರು.

ಶನಿವಾರ ಕಾಲುವೆ ತೆಗೆಯಲು ಸನಿಕೆ ಹೊತ್ತು ಹೊಲಕ್ಕೆ ಹೋದೆ. ಅಣ್ಣ ಬಾವಿಯ ಕಡೆಯಿಂದ ಆಗಲೇ ಅಗೆಯುತ್ತಾ ಬರುತ್ತಿದ್ದ.